ಯೂದನಿಗೂ ಪಶ್ಚಾತ್ತಾಪ ಆಗಿತ್ತು

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಒಂಚೂರೂ ಪಶ್ಚಾತ್ತಾಪ ಆಗಲಿಲ್ಲ, ಯೇಸು ಯಾರೋ ಗೊತ್ತಿಲ್ಲ ಎಂದು ಅಲ್ಲಗಳೆದ ಇನ್ನೊಬ್ಬ ಶಿಷ್ಯ ಪೇತ್ರ ಅತ್ತದ್ದಕ್ಕೇ ಕ್ಷಮೆ ಸಿಕ್ಕಿತು ಅಂತ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ. ಬೈಬಲಿನ ಮತ್ತಾಯ 27ನೇ ಅಧ್ಯಾಯ ತೆಗೆದು ನೋಡಿ. ಯೂದನೂ ನೊಂದುಕೊಂಡ. ಪಾಪ ಮಾಡಿದೆ ಎಂದು ಯಾಜಕರ ಮುಂದೆ ಒಪ್ಪಿಕೊಂಡ, ಹಿಡಿದುಕೊಟ್ಟದ್ದಕ್ಕೆ ಸಿಕ್ಕಿದ್ದ 30 ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲೇ ಬಿಸಾಡಿದ. ಆದರೆ ಯೇಸುವಿನ ಕಡೆಗೆ ತಿರುಗಲಿಲ್ಲ. ಇನ್ನೂ ಜಾಸ್ತಿ ಅಳಬೇಕಿತ್ತೇನೋ ಎಂದು ಒಳಗೇ ಕೊರಗುವವರಿಗೆ ಈ ವ್ಯತ್ಯಾಸ ತಿಳಿಯಲೇಬೇಕು.

ಪೇತ್ರನ ಕಥೆ ಕಣ್ಣೀರಿಗೆ ಮುಗಿಯಲಿಲ್ಲ ಅಲ್ವಾ? ಯೋಹಾನ 21ರಲ್ಲಿ, ದಡದಲ್ಲಿರುವುದು ಸತ್ತು ಮತ್ತೆ ಎದ್ದುಬಂದ ಯೇಸು ಎಂದು ಗೊತ್ತಾದ ಕೂಡಲೇ ದೋಣಿಯಿಂದ ನೀರಿಗೆ ಧುಮುಕಿದ. ಅಲ್ಲಿ ಕೆಂಡದ ಮೇಲೆ ಮೀನು ಬೇಯುತ್ತಿತ್ತು. 3 ಸಲ ಅಲ್ಲಗಳೆದವನಿಗೆ ಯೇಸು ಕೇಳಿದ್ದು 3 ಸಲವೂ ಅದೇ ಪ್ರಶ್ನೆ, ನನ್ನನ್ನು ಪ್ರೀತಿಸುತ್ತೀಯಾ? ಜೊತೆಗೇ ಒಂದು ಕೆಲಸ: ನನ್ನ ಕುರಿಗಳನ್ನು ಮೇಯಿಸು, ಅಂದರೆ ನನ್ನ ಜನರನ್ನು ನೋಡಿಕೋ. ಪೇತ್ರ ಅದನ್ನು ಮಾಡಿದ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನ ಜನರ ಮುಂದೆ ಎದ್ದು ನಿಂತು ಮಾತಾಡಿದವನು ಅವನೇ.