ಬಾಣ ಬಿಟ್ಟ ತ್ರಿಕೋನ

ಟಿವಿಗೆ ಒಂದು ರಿಮೋಟ್ ತರಿಸಿದೆ. ಬಂದದ್ದು ದಿಂಬಿನಷ್ಟು ದೊಡ್ಡ ಡಬ್ಬ. ಬಿಚ್ಚಿದರೆ ಒಳಗೆಲ್ಲ ಥರ್ಮಾಕೋಲ್. ರಿಮೋಟ್ ಎಲ್ಲೋ ನಡುವೆ ಗರ್ಭಗುಡಿಯ ದೇವರ ಹಾಗೆ ಕೂತಿತ್ತು.

ಥರ್ಮಾಕೋಲ್ ಅಂದರೆ ನೂರಕ್ಕೆ 98 ಪಾಲು ಗಾಳಿ. ಉಳಿದ 2 ಪಾಲು ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್. ಅಂದರೆ ಲಾರಿಯಲ್ಲಿ ಗಾಳಿ ಹೇರಿಕೊಂಡು ಬಂದು ಮನೆ ಬಾಗಿಲಿಗೆ ಇಳಿಸಿ ಹೋಗಿದ್ದಾರೆ. ನಮ್ಮ ಮನೆಯಲ್ಲಿ ಗಾಳಿಗೇನೂ ಬರ ಇರಲಿಲ್ಲ.

ತಮಾಷೆ ಏನು ಗೊತ್ತಾ? ಇಂಥ ರಿಮೋಟಿನ ಮೈ ಸಾಮಾನ್ಯವಾಗಿ ಎಬಿಎಸ್ ಅನ್ನೋ ಪ್ಲಾಸ್ಟಿಕ್. ಅದೂ ಸ್ಟೈರೀನ್ ಮನೆತನದ್ದೇ, ಥರ್ಮಾಕೋಲಿಗೆ ದಾಯಾದಿ. ಸ್ಟೈರೀನ್ ಜೊತೆ ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್ ರಬ್ಬರ್ ಸೇರಿದ ಗಟ್ಟಿ ಆಸಾಮಿ. ಮಕ್ಕಳು ಜೋಡಿಸಿ ಆಡುವ ಲೆಗೊ ಇಟ್ಟಿಗೆಗಳು 1963ರಿಂದ ಇದರದ್ದೇ. ತುಳಿದವರಿಗೆ ಗೊತ್ತು ಅದರ ಗಟ್ಟಿತನ. ಮಂಚದಿಂದ ದಿನಾ ಬಿದ್ದರೂ ಜಗ್ಗದ ಇಂಥ ಪೈಲ್ವಾನನಿಗೆ, ಉಗುರು ತಾಗಿದರೆ ಉದುರುವವನ ಕಾವಲು!

ಮುರಿದು ಚೀಲಕ್ಕೆ ತುಂಬಲು ಹೋದೆ. ಬಿಳಿ ಕಾಳು ಚೆಲ್ಲಾಪಿಲ್ಲಿ. ಗುಡಿಸಿದರೆ ಪೊರಕೆಗೆ ಅಂಟುತ್ತೆ, ಪೊರಕೆ ಕೊಡವಿದರೆ ತೋಳಿಗೆ, ತೋಳು ಒರೆಸಿದರೆ ಮೂಗಿಗೆ. ಎಲ್ಲಾ ಉಜ್ಜಾಟದಿಂದ ಹುಟ್ಟುವ ವಿದ್ಯುತ್ತಿನ ಕರಾಮತ್ತು.

ಆಗ ಕಂಡಿತು ತಳದ ಗುರುತು. ಒಂದರ ಹಿಂದೊಂದು ಓಡುವ ಮೂರು ಬಾಣ, ನಡುವೆ 6. ಅಬ್ಬಾ, ಮರುಬಳಕೆ ಆಗುತ್ತೆ ಅಂತ ನಿಟ್ಟುಸಿರು ಬಿಟ್ಟೆ. ಗುಜರಿಯವರನ್ನು ಕರೆದೆ. ಅವರು ಅದನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದರು. "ತಕ್ಕಡಿ ಮುಳ್ಳೇ ಅಲ್ಲಾಡಲ್ಲ ಸ್ವಾಮಿ, ಏನಂತ ತೂಗಲಿ?"

ಅವರದ್ದೇ ಸರಿ. ಆ 6 ಹೇಳುವುದು "ನಾನು ಪಾಲಿಸ್ಟೈರೀನ್" ಅಂತ, ಅಷ್ಟೇ. "ನನ್ನನ್ನು ಯಾರಾದರೂ ಒಯ್ಯುತ್ತಾರೆ" ಅಂತ ಅಲ್ಲ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರ ಸಂಘವೇ ತಂದ ಗುರುತು ಅದು. ಜನ ತಪ್ಪು ತಿಳಿಯುತ್ತಾರೆ, ಬಾಣ ಬಿಟ್ಟು ಬರೀ ತ್ರಿಕೋನ ಹಾಕಿ ಅಂತ ನಿಯಮ ಬದಲಾಗಿದ್ದು 2013ರಲ್ಲಿ. ಬರೀ 25 ವರ್ಷ! ಸುದ್ದಿ ನನ್ನ ಡಬ್ಬಕ್ಕೆ ಇನ್ನೂ ಮುಟ್ಟಿಲ್ಲ ಅನ್ಸುತ್ತೆ. ಅಂದಹಾಗೆ, ಆ ಪೈಲ್ವಾನ್ ಎಬಿಎಸ್‌ಗೆ ಸ್ವಂತ ನಂಬರೇ ಇಲ್ಲ. ಅದು 7, 'ಇತರೆ' ಗುಂಪು.

ಸಿಟ್ಟಿಗೆ ಕಿತ್ತಳೆ ಸಿಪ್ಪೆ ತಂದು ಥರ್ಮಾಕೋಲಿನ ಆ ಗುರುತಿನ ಮೇಲೆ ಹಿಂಡಿದೆ. ಸಿಪ್ಪೆಯೆಣ್ಣೆಯ ಲಿಮೊನೀನ್‌ಗೆ ಪಾಲಿಸ್ಟೈರೀನ್ ಕರಗುತ್ತೆ. ಸಣ್ಣ ಸಣ್ಣ ಗುಳಿ ಬಿದ್ದವು. ಒಂದು ಬಾಣದ ಬಾಲ ಹೋಯಿತು. 6 ಮಾತ್ರ ಹಾಗೇ ಇದೆ.