ಅಜ್ಜಿಯ ಪಗಾರಕ್ಕೊಬ್ಬ ಸಚಿವರು ಬೇಕು

ಇವತ್ತು ಮಧ್ಯಾಹ್ನದಿಂದ ತಲೆ ಕೆಟ್ಟಿದೆ. ನಮ್ಮ ಬೆಳಗಾವಿ ಜಿಲ್ಲೆಯ ಒಂದು ತಾಲೂಕು ಕಚೇರಿಯಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದರು. ದೀಪಾವಳಿಯಿಂದ ಪಗಾರ, ಅಂದರೆ ಪಿಂಚಣಿ, ಬಂದಿಲ್ಲ. ಬ್ಯಾಂಕಿನವರು ನಾಡಕಚೇರಿಗೆ ಕಳಿಸಿದ್ದಾರೆ. ನಾಡಕಚೇರಿಯವರು ಇಲ್ಲಿಗೆ ಕಳಿಸಿದ್ದಾರೆ. ಇಲ್ಲಿಯವರು ಮತ್ತೆ ಬ್ಯಾಂಕಿಗೆ ಹೋಗು ಅಂದಿದ್ದಾರೆ. "ಇದಕ್ಕ ಎಲ್ಲಾರಕಿಂತ ದೊಡ್ಡ ಸಾಹೇಬ್ರು ಯಾರದಾರ ಹೇಳಪಾ ತಮ್ಮಾ, ಅವರನ್ನ ಕೇಳತೀನಿ" ಅಂದರು.

ಏನಂತ ಹೇಳಲಿ? ಸಂಧ್ಯಾ ಸುರಕ್ಷಾ, ವೃದ್ಧಾಪ್ಯ ವೇತನ, ವಿಧವಾ ವೇತನ ಎಲ್ಲ ಕಂದಾಯ ಇಲಾಖೆಯ ಕೆಳಗಿವೆ. ಅಲ್ಲೊಂದು ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ ಇದೆ. ಆದರೆ ಕಂದಾಯ ಸಚಿವರ ತಲೆ ಮೇಲೆ ಪಹಣಿ, ಪೋಡಿ, ಸರ್ವೆ, ಬರ, ನೆರೆ ಪರಿಹಾರ ಎಲ್ಲ ಕೂತಿದೆ. ಕೃಷ್ಣೆ, ಘಟಪ್ರಭೆ ತುಂಬಿ ಬಂದರೆ ಅವರು ಅತ್ತ ಓಡಲೇಬೇಕು. ಅಜ್ಜಿಯ 1,200 ರೂಪಾಯಿ ಯಾಕೆ ನಿಂತಿತು ಅಂತ ನೋಡುವವರು ಯಾರು? ಹಿರಿಯ ನಾಗರಿಕರಿಗೆ ಇನ್ನೊಂದು ಇಲಾಖೆ. ಕಟ್ಟಡ ಕಾರ್ಮಿಕರ ಪಿಂಚಣಿ ಕಾರ್ಮಿಕ ಇಲಾಖೆಯಲ್ಲಿ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಒಂದೇ ಮನೆಯ ಹೆಂಗಸರು ಮೂರು ಕಡೆ ಅಲೆಯಬೇಕು.

ಅದಕ್ಕೇ ಹೇಳುತ್ತಿದ್ದೇನೆ, ಪಿಂಚಣಿಗೇ ಅಂತ ಒಬ್ಬ ರಾಜ್ಯ ದರ್ಜೆಯ, ಅಂದರೆ ಸಂಪುಟ ದರ್ಜೆಗಿಂತ ಕೆಳಗಿನ, ಸಚಿವರು ಬೇಕು. ಬೇರೆ ಯಾವ ಖಾತೆಯೂ ಬೇಡ. ಈ ಹಣ ತಿಂಗಳು ತಿಂಗಳು ಮುಟ್ಟಿತೋ ಇಲ್ಲವೋ, ಅಷ್ಟನ್ನೇ ನೋಡಲಿ.

ಕೇಂದ್ರದಲ್ಲಿ ನೋಡಿ. ಸಿಬ್ಬಂದಿ, ಸಾರ್ವಜನಿಕ ಕುಂದುಕೊರತೆ ಮತ್ತು ಪಿಂಚಣಿ ಖಾತೆಗೆ ರಾಜ್ಯ ಸಚಿವರಿದ್ದಾರೆ. ಅದು ನಿವೃತ್ತ ಸರ್ಕಾರಿ ನೌಕರರಿಗೆ. 2014ರಲ್ಲಿ ಜೀವನ್ ಪ್ರಮಾಣ್ ಬಂತು. ಈಗ ಮನೆಯಲ್ಲಿ ಕೂತು ಮೊಬೈಲಿಗೆ ಮುಖ ತೋರಿಸಿದರೆ ಬದುಕಿದ್ದೇನೆ ಅನ್ನುವ ಪ್ರಮಾಣಪತ್ರ ಆಗುತ್ತದೆ. ಒಳ್ಳೆಯದೇ, ಅವರಿಗೆ ಸಿಗಲೇಬೇಕು. ಆದರೆ ಕಬ್ಬು ಕಡಿದು, ಕಳೆ ಕಿತ್ತು ಮುದುಕಿಯಾದವಳಿಗೆ? ಅವಳ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವಯಸ್ಸಿನವರೆಗೆ ತಿಂಗಳಿಗೆ 200 ರೂಪಾಯಿ! ಯೋಜನೆ ಶುರುವಾಗಿದ್ದು 1995ರಲ್ಲಿ. ಉಳಿದದ್ದನ್ನು ರಾಜ್ಯ ಹಾಕುತ್ತದೆ. 2021ರಲ್ಲಿ ಹೆಚ್ಚಿಸಿದ್ದಕ್ಕೆ ಸಂಧ್ಯಾ ಸುರಕ್ಷಾ 1,200 ಆಯಿತು, ವಿಧವಾ ವೇತನ 800 ಆಯಿತು.

ಆ ವಿಧವಾ ವೇತನದ ಬೆಲೆ ನನಗೆ ಗೊತ್ತು. ಅಪ್ಪ ಹೋದ ಮೇಲೆ ನನ್ನ ನೋಟ್‌ಬುಕ್ಕು, ತಂಗಿಯ ಔಷಧಿ ಅದರಲ್ಲೇ ಬಂದಿದ್ದು. ಪೋಸ್ಟ್‌ಮನ್ ಬರದ ತಿಂಗಳು ಅವ್ವ ಕಿರಾಣಿ ಅಂಗಡಿ ಮುಂದೆ ಹಾಯುತ್ತಿರಲಿಲ್ಲ, ಹಿಂದಿನ ಓಣಿಯಿಂದ ಬರುತ್ತಿದ್ದಳು. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ.

"ಇನ್ನೊಬ್ಬ ಮಂತ್ರಿ ಅಂದರೆ ಇನ್ನೊಂದು ಕಾರು, ಬಂಗಲೆ, ಪಿಎ" ಅಂತ ಗೆಳೆಯರು ಹೇಳುತ್ತಾರೆ. ಸಂವಿಧಾನದ ಪ್ರಕಾರ ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34 ಜನ ಮಾತ್ರ ಇರಬಹುದು. ಸಂಖ್ಯೆ ಹೆಚ್ಚಿಸಿ ಅಂತ ನಾನೆಲ್ಲಿ ಕೇಳಿದೆ? 2023ರಲ್ಲಿ ಆದ 34 ಮಂದಿಯೂ ಸಂಪುಟ ದರ್ಜೆಯವರೇ. ಅಷ್ಟರಲ್ಲೇ ಒಬ್ಬರಿಗೆ ಈ ಕೆಲಸ ಕೊಡಿ. ಹಣ ನೇರ ಖಾತೆಗೇ ಹೋಗುವಾಗ ಸಚಿವರು ಯಾಕೆ ಅನ್ನುವವರೂ ಇದ್ದಾರೆ. ಖಾತೆಗೆ ಹೋಗದೆ ನಿಲ್ಲುತ್ತಿರುವುದೇ ಈಗಿನ ತೊಂದರೆ ಅಲ್ವಾ? ಆಧಾರ್‌ನಲ್ಲಿ ಹೆಸರು ಒಂದಕ್ಷರ ಬೇರೆ ಇರುತ್ತದೆ. ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ಹೊಸ ಖಾತೆಗೆ ಆಧಾರ್ ಜೋಡಿಸಿದರೆ ಹಣ ಅಲ್ಲಿಗೆ ಹೋಗಿಬಿಡುತ್ತದೆ, ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ನಿಂತಿರುತ್ತಾಳೆ. ಇದನ್ನು ಸರಿ ಮಾಡುವ ಅಧಿಕಾರ ಒಂದೇ ಮೇಜಿನಲ್ಲಿ ಇಲ್ಲ. ಕಂದಾಯ, ಖಜಾನೆ, ಬ್ಯಾಂಕು ಮೂವರನ್ನೂ ಒಟ್ಟಿಗೆ ಕೂರಿಸಲು ತಹಶೀಲ್ದಾರರಿಂದ ಆಗುವುದಿಲ್ಲ. ಸಚಿವರಿಂದ ಆಗುತ್ತದೆ. ಎಷ್ಟೇ ಕಿರಿಯ ಸಚಿವರಾದರೂ ಸರಿ.

ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇರುತ್ತದೆ. ನಮ್ಮ ಜಿಲ್ಲೆಗೆ 18 ಶಾಸಕರಿದ್ದಾರೆ. ಒಬ್ಬರಾದರೂ ಎದ್ದು ನಿಂತು ಕೇಳಲಿ: ಯಾವ ತಾಲೂಕಿನಲ್ಲಿ ಎಷ್ಟು ಜನರ ಪಿಂಚಣಿ ನಿಂತಿದೆ, ಯಾವ ಕಾರಣಕ್ಕೆ, ಯಾವಾಗ ಮತ್ತೆ ಶುರುವಾಗುತ್ತದೆ?

ನಿಮ್ಮ ಓಣಿಯಲ್ಲಿ ಯಾರದಾದರೂ ಪಗಾರ ನಿಂತಿದ್ದರೆ ಮಂಜೂರಾತಿ ಆದೇಶ, ಆಧಾರ್, ಪಾಸ್‌ಬುಕ್ ಮೂರರ ಜೆರಾಕ್ಸ್ ಹಚ್ಚಿ ಅರ್ಜಿ ಬರೆದುಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ. ಅದರ ಒಂದು ಪ್ರತಿ ನಿಮ್ಮ ಶಾಸಕರ ಕಚೇರಿಗೂ ಕೊಡಿ.