ಎಫ್‌ಸಿಂಕ್ ಮಾಡದೆ ಫೈಲ್ ಉಳಿಯಿತು ಎನ್ನಬೇಡಿ

ರೈಟ್ ಕಾಲ್ ಎರರ್ ಇಲ್ಲದೆ ವಾಪಸ್ ಬಂದರೆ ಡೇಟಾ ಡಿಸ್ಕಿಗೆ ಸೇರಿತು ಅಂತ ಕೋಡ್ ಬರೆಯುವವರೇ ಎಷ್ಟೋ ಜನ ನಂಬಿದ್ದಾರೆ. ಸೇರಿರುವುದಿಲ್ಲ. ಅದಿನ್ನೂ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಪೇಜ್ ಕ್ಯಾಶ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲೇ ಇರುತ್ತದೆ. ಲಿನಕ್ಸ್ ಅದನ್ನು ಸುಮಾರು 30 ಸೆಕೆಂಡ್ ಹಾಗೇ ಇಟ್ಟುಕೊಳ್ಳಬಹುದು. ಈಗಲೇ ಡಿಸ್ಕಿಗೆ ಬರೆ ಎಂದು ಕರ್ನಲ್‌ಗೆ ಹೇಳುವ ಕಾಲ್ ಎಫ್‌ಸಿಂಕ್. ಆಮೇಲೆ ಡಿಸ್ಕಿನೊಳಗೆ ಇನ್ನೊಂದು ಕ್ಯಾಶ್. ಹೆಡ್ ಓಡಾಟ ಕಡಿಮೆ ಮಾಡಲು ಡಿಸ್ಕ್ ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುತ್ತದೆ. ಮೊದಲು ಕೊಟ್ಟದ್ದು ಕೊನೆಗೆ ಬೀಳಬಹುದು.

ಡೇಟಾ ಕಳೆಯುವುದಕ್ಕಿಂತ ಈ ಅದಲುಬದಲೇ ಹೆಚ್ಚು ಅಪಾಯ. ಫೈಲ್ ಸಿಸ್ಟಂ ಬದಲಾವಣೆಗಳನ್ನು ಮೊದಲು ಜರ್ನಲ್ ಎಂಬ ಲಾಗ್‌ಗೆ ಬರೆದು, ಮುಗಿಯಿತೆಂದು ಕೊನೆಗೆ ಕಮಿಟ್ ಬ್ಲಾಕ್ ಹಾಕುತ್ತದೆ. ಆ ಕಮಿಟ್ ಬ್ಲಾಕ್ ಬಿದ್ದಿದೆ, ಅದರ ಹಿಂದಿನ ಬ್ಲಾಕ್‌ಗಳು ಬಿದ್ದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ. ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಲ್ಲದಿದ್ದರೆ ರಿಕವರಿ ಹೊತ್ತಿಗೆ ಹಳೆಯ ಕಸವೇ ಅಸಲಿ ಡೇಟಾ ಆಗಿ ಕೂರುತ್ತದೆ. ಇದನ್ನು ತಡೆಯಲೆಂದೇ ಲಿನಕ್ಸ್‌ನ ಎಕ್ಸ್‌ಟ್4 ಫೈಲ್ ಸಿಸ್ಟಂ ಕಮಿಟ್‌ಗೆ ಮುಂಚೆ ಡಿಸ್ಕ್ ಕ್ಯಾಶ್ ಫ್ಲಶ್ (ಖಾಲಿ) ಮಾಡಿಸುತ್ತದೆ. ವೇಗಕ್ಕಾಗಿ ಈ ಫ್ಲಶ್ಶನ್ನೇ ನಿಲ್ಲಿಸುವ ನೋಬ್ಯಾರಿಯರ್ ಆಯ್ಕೆ ಹಾಕಿ ಎಂಬ ಹಳೆಯ ಸಲಹೆ ಎಲ್ಲೇ ಕಂಡರೂ ದಯವಿಟ್ಟು ಪಾಲಿಸಬೇಡಿ.

ಒಂದು ಫೈಲಿನ ಜಾಗದಲ್ಲಿ ಹೊಸದನ್ನು ಕೂರಿಸುವುದು ಹೀಗೆ: ಅದೇ ಡೈರೆಕ್ಟರಿಯಲ್ಲಿ ಟೆಂಪ್ ಫೈಲ್ ತೆರೆದು ಪೂರ್ತಿ ಬರೆಯಿರಿ, ಅದಕ್ಕೆ ಎಫ್‌ಸಿಂಕ್ ಮಾಡಿ, ಆಮೇಲೆ ರೀನೇಮ್, ಕೊನೆಗೆ ಡೈರೆಕ್ಟರಿಯನ್ನೇ ತೆರೆದು ಅದಕ್ಕೂ ಎಫ್‌ಸಿಂಕ್. ಮೊದಲ ಎಫ್‌ಸಿಂಕ್ ಬಿಟ್ಟರೆ ಹೆಸರು ಹೊಸದು, ಒಳಗೆ ಸೊನ್ನೆ ಬೈಟ್. 2009ರಲ್ಲಿ ಎಕ್ಸ್‌ಟ್4 ಬಳಕೆದಾರರು ಗಲಾಟೆ ಎಬ್ಬಿಸಿದ್ದು ಇದಕ್ಕೇ. ಕೊನೆಯದನ್ನು ಬಿಟ್ಟರೆ ರೀನೇಮ್ ಆಗಿಯೇ ಇಲ್ಲವೆಂಬಂತೆ ಹಳೆಯ ಫೈಲ್ ಮತ್ತೆ ಕಾಣಿಸಬಹುದು.

ಎಫ್‌ಸಿಂಕ್ ಎರರ್ ಕೊಟ್ಟರೆ ಮತ್ತೆ ಕರೆಯುವುದರಿಂದ ಪ್ರಯೋಜನವಿಲ್ಲ. ಬರೆಯಲಾಗದ ಪೇಜ್‌ಗಳನ್ನು ಕರ್ನಲ್ ಕ್ಲೀನ್ (ಬರೆದಾಗಿದೆ) ಎಂದು ಗುರುತು ಹಾಕಿರಬಹುದು. ಎರಡನೇ ಸಲ ಸುಳ್ಳೇ ಯಶಸ್ಸು ಬರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೆ ಇದು ಗೊತ್ತಾದ ಮೇಲೆ ಅಂಥ ಎರರ್‌ಗೆ ಸರ್ವರನ್ನೇ ನಿಲ್ಲಿಸಿ, ಲಾಗ್‌ನಿಂದ ರಿಕವರಿ ಮಾಡುವ ಹಾಗೆ ಬದಲಿಸಿದರು. ಸರಿಯಾದ ದಾರಿ ಅದೇ.

ಇನ್ನು ಡಿಸ್ಕೇ ಸುಳ್ಳು ಹೇಳಿದರೆ? 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ, ಒಂದೇ ಜಾಗ ಹೆಡ್ ಕೆಳಗೆ ಬರುವುದೂ ಅಷ್ಟೇ ಸಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆದು ಎಫ್‌ಸಿಂಕ್ ಮಾಡಿ. ಸೆಕೆಂಡಿಗೆ ಸಾವಿರಾರು ಸಲ ಆಯಿತೆಂದು ಬಂದರೆ ನಡುವೆ ಯಾರೋ ಫ್ಲಶ್ಶನ್ನು ನುಂಗುತ್ತಿದ್ದಾರೆ. ವರ್ಚುವಲ್ ಮೆಷಿನ್ ಆದರೆ ಅದನ್ನು ಓಡಿಸುವ ಕ್ಯೂಇಎಂಯುನ ಕ್ಯಾಶ್ ಸೆಟ್ಟಿಂಗ್ 'ಅನ್‌ಸೇಫ್' ಇದೆಯೇ ನೋಡಿ. ಮ್ಯಾಕ್‌ನಲ್ಲಿ ಬರೀ ಎಫ್‌ಸಿಂಕ್ ಡಿಸ್ಕಿನ ಕ್ಯಾಶ್ ಖಾಲಿ ಮಾಡಿಸುವುದಿಲ್ಲ, ಎಫ್-ಫುಲ್‌ಎಫ್‌ಸಿಂಕ್ ಬೇಕು. ಡಿಸ್ಕಿನದೇ ತಪ್ಪಾದರೆ ಎಚ್‌ಡಿಪಾರ್ಮ್ ಕಮಾಂಡ್‌ನಿಂದ ರೈಟ್ ಕ್ಯಾಶ್ ಆಫ್ ಮಾಡಿ, ಇಲ್ಲವೇ ಕೆಪಾಸಿಟರ್ ಇರುವ, ಪವರ್ ಲಾಸ್ ಪ್ರೊಟೆಕ್ಷನ್ ಎಸ್‌ಎಸ್‌ಡಿ ಹಾಕಿ.

ಯುಪಿಎಸ್ ಇದೆಯಲ್ಲ ಎನ್ನುತ್ತಾರೆ. ಕರ್ನಲ್ ಪ್ಯಾನಿಕ್ ಆಗಿ ಸಿಸ್ಟಂ ನಿಂತರೆ, ಪವರ್ ಸಪ್ಲೈ ಸುಟ್ಟರೆ ಯುಪಿಎಸ್ ಏನು ಮಾಡೀತು?

ಬಿಲ್ಲಿಂಗ್‌ಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುವವರು ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆಯುವ ವಿಧಾನ) ಸಿಂಕ್ರೊನಸ್ ಅನ್ನು ಫುಲ್ ಇಡಿ. ನಾರ್ಮಲ್‌ನಲ್ಲಿ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕರೆಂಟ್ ಹೋದರೆ ಕೊನೆಯ ಕೆಲವು ಬಿಲ್‌ಗಳು ಮಾಯವಾಗಬಹುದು.

ಕಿಲ್ -9 ಹೊಡೆದು, ಅಂದರೆ ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಂದು, ಪರೀಕ್ಷಿಸಿದರೆ ಸಾಲದು. ಪ್ರೋಗ್ರಾಂ ಸತ್ತರೂ ಪೇಜ್ ಕ್ಯಾಶ್ ಉಳಿದಿರುತ್ತದೆ. ಪ್ಲಗ್ ಕಿತ್ತೇ ನೋಡಬೇಕು, ಎಷ್ಟನೇ ರೆಕಾರ್ಡ್‌ವರೆಗೆ ಎಫ್‌ಸಿಂಕ್ ಆಗಿತ್ತೆಂಬ ಲೆಕ್ಕ ಬೇರೊಂದು ಮೆಷಿನ್‌ನಲ್ಲಿ ಇರಬೇಕು.